ನಿನ್ನ ಕೋಣೆಯ ವಿಚಾರ

ಅದೇ ಮೂರನೇ ಮಹಡಿಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಇವೆಲ್ಲ ಅಮ್ಮನ ಪ್ರಶ್ನೆಗಳು, ಕೇಳಿಯಾಯಿತು. ಇನ್ನು ಮುಂದಿನದು ನನ್ನದು. ಕೂತುಕೊಂಡು ಓದು, ನನಗೆ ಮೈಯೆಲ್ಲ ಉರಿಯುತ್ತಿದೆ.

ಗುರುವಾರ ಫೋನಿನಲ್ಲಿ ಅಮ್ಮನಿಗೆ ಏನು ಹೇಳಿದೆ? "ಆ ಮನೆ ಬಿಡಬೇಡಮ್ಮಾ, ಮುಂದಿನ ವರ್ಷ ಹೇಗೂ ಬಂದುಬಿಡ್ತೀನಲ್ಲ, ನನ್ನ ರೂಮು ಹಾಗೇ ಇರಲಿ." ಕೆಲಸ ಅಂತ ಊರು ಬಿಟ್ಟು ಹೋದಾಗಿನಿಂದ ನಿನ್ನ ಮುಂದಿನ ವರ್ಷ ಬರುತ್ತಲೇ ಇದೆ. ನೀನು ಮೂಗಿಗೆ ತುಪ್ಪ ಸವರಿ ಫೋನ್ ಇಡುತ್ತೀಯ, ಅಮ್ಮ ಇಲ್ಲಿ ಎದ್ದುಹೋಗಿ ನಿನ್ನ ಹಾಸಿಗೆಯ ಹೊದಿಕೆ ಬದಲಾಯಿಸುತ್ತಾಳೆ. ಯಾರೂ ಮಲಗದ ಹಾಸಿಗೆಗೆ ವಾರವಾರ ಒಗೆತ. ನಾನೋ, ರಾತ್ರಿಯಿಡೀ ಬೇಕರಿಯಲ್ಲಿ ಹಿಟ್ಟು ನಾದಿ, ಬ್ರೆಡ್ಡು ಬೇಯಿಸಿ, ಊರು ಏಳುವ ಹೊತ್ತಿಗೆ ಮನೆಗೆ ಬಂದು ಹಾಲ್‌ನ ಸೋಫಾದಲ್ಲಿ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಬಿದ್ದುಕೊಳ್ಳುತ್ತೇನೆ. ಅಡುಗೆಮನೆಯಲ್ಲಿ ಮಿಕ್ಸಿ, ಬಾಗಿಲಲ್ಲಿ ಬೆಲ್ಲು, ಮೇಲಿನ ಮನೆಯಲ್ಲಿ ಅದೇನೋ ಗೋಡೆ ಕೊರೆಯುವುದು. ಒಂದು ದಿನ ತಡೆಯಲಾರದೆ ನಿನ್ನ ಕೋಣೆಯಲ್ಲಿ ಮಲಗಿದೆ. ಅಮ್ಮ ಬಂದು ಎಬ್ಬಿಸಿದಳು. "ಏಳೇ, ಮೈಯೆಲ್ಲಾ ಹಿಟ್ಟು. ಅವನಿಗೆ ಧೂಳಾದ್ರೆ ಸೀನು ಬರುತ್ತೆ." ನೀನು ಅಲ್ಲಿ ಸೀನಿದರೆ ಇಲ್ಲಿ ನಾನು ಎದ್ದು ಕೂರಬೇಕು.

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ಈ ತಿಂಗಳು ಮುಗಿಯುವುದರೊಳಗೆ ಇನ್ನೆರಡು ವರ್ಷಕ್ಕೆ ಸಹಿ ಹಾಕಿ, ಇಲ್ಲವೇ ಖಾಲಿ ಮಾಡಿ ಎಂದಿದ್ದಾರೆ ಓನರ್. ಈ ಮನೆಗೆ ಲಿಫ್ಟ್ ಇಲ್ಲ, ಅಮ್ಮನಿಗೆ ಮಂಡಿಯಿಲ್ಲ. ಬಚ್ಚಲ ಗೋಡೆ ವರ್ಷವಿಡೀ ಒದ್ದೆ. ಎರಡು ಬೀದಿ ಆಚೆ ನಾನೊಂದು ಮನೆ ನೋಡಿದ್ದೇನೆ. ನೆಲಮಹಡಿ, ಬಾಡಿಗೆ ಈ ಮನೆಯಷ್ಟೇ. ಒಳ್ಳೆ ಬೆಳಕು, ತಲೆಯ ಮೇಲೆ ಗೋಡೆ ಕೊರೆಯುವವರೂ ಇಲ್ಲ. ಹಾಲ್ ಮಾತ್ರ ಚಿಕ್ಕದು, ಸೋಫಾ ಹಿಡಿಸುವುದಿಲ್ಲ. ಇರುವ ಎರಡು ಕೋಣೆಯಲ್ಲಿ ಒಂದು ಅಮ್ಮನಿಗೆ, ಒಂದು ನನಗೆ. ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕಿಟಕಿ ತೆಗೆದು ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು, ಮುಖ ಅರಳಿತು. ಆಮೇಲೆ "ಅವನ ಕೋಣೆ ಯಾವುದು?" ಅಂದಳು. ಮನೆ ತೋರಿಸಲು ಬಂದಿದ್ದ ಬ್ರೋಕರ್ ನನ್ನ ಮುಖ ನೋಡಿದ.

ಅಂದಿನಿಂದ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. ನಾನು ಬಾಯಿಬಿಟ್ಟರೆ ಅದು ಹೊಟ್ಟೆಕಿಚ್ಚು, ನೀನು ಹೇಳಿದ್ದು ವೇದವಾಕ್ಯ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿದವರು ನಮ್ಮ ಮನೆಗೆ ಬಂದು ಹೋಗಿರಬೇಕು. ಆದ್ದರಿಂದ ನೀನೇ ಹೇಳಬೇಕು. ಫೋನ್ ಮಾಡು, "ನಾನು ಬರಲ್ಲ ಅಮ್ಮ, ರೂಮು ಅಕ್ಕನಿಗೆ ಕೊಡು" ಅನ್ನು. ಅಷ್ಟೇ ಸಾಕು. ನಿಜವಾಗಿ ಬರುವವನಾದರೆ ತಾರೀಖು ಹೇಳು, ಇದೇ ಮನೆಗೆ ಸಹಿ ಹಾಕಿ ನಿನ್ನ ಪೆಟ್ಟಿಗೆಯನ್ನು ನಾನೇ ಮೂರು ಮಹಡಿ ಹೊರುತ್ತೇನೆ. ಚಿಕ್ಕವನಿದ್ದಾಗ ನಿನ್ನನ್ನೇ ಸೊಂಟದ ಮೇಲೆ ಹೊತ್ತು ತಿರುಗಿದವಳಿಗೆ ಪೆಟ್ಟಿಗೆಯೇನು ಭಾರ? ಎರಡರಲ್ಲಿ ಒಂದು ಹೇಳು. ನಡುವೆ ನೇತಾಡಿಸಬೇಡ, ನನಗೆ ನಿದ್ದೆ ಬೇಕು.

ಚೆನ್ನಾಗಿರು. ಎಷ್ಟು ಸಿಟ್ಟು ಬಂದರೂ ಕೊನೆಗೆ ಅದನ್ನೇ ಬರೆಯುತ್ತೇನೆ, ನನ್ನ ಹಣೆಬರಹ.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇಷ್ಟು. ಫೋನ್ ಮಾಡಬೇಡ, ಇನ್ನು ಬೇಕಾಗಿಲ್ಲ. ಅಮ್ಮ ಈಗಷ್ಟೇ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಓನರ್ ಹತ್ತಿರ ತಾನೇ ಹೋಗಿ, ಮನೆ ಬಿಡ್ತೀವಿ ಅಂತ ಹೇಳಿ ಬಂದಿದ್ದಾಳೆ. ತಮ್ಮನಿಗೆ ಬರೆದಿದ್ದೇನೆ, ಅವನೇ ಒಂದು ಮಾತು ಹೇಳಲಿ ಅಂದೆ. "ಅವನನ್ನ ಕೇಳಬೇಡ ಕಣೇ. ಕೇಳಿದ್ರೆ ಪಾಪ, ಮತ್ತೆ ಬರ್ತೀನಿ ಅಂತಾನೆ" ಅಂದಳು. ಅಳಲಿಲ್ಲ ಕಣೋ. ಅತ್ತಿದ್ದರೆ ನಿನ್ನ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತಿತ್ತೇನೋ. ನೀನು ಬರುವುದಾದರೆ ಮೊದಲೇ ತಿಳಿಸಿ ಬರಬೇಕಂತೆ. ಇದು ಅವಳೇ ಬರೆಸಿದ್ದು.