ಒಂಬತ್ತನೇ ಕುಳಿಯ ವೈರಸ್

ಮಂಗಳವಾರ, ಹದಿನೆಂಟನೇ ತಾರೀಖು
ಹಾಸ್ಟೆಲ್ ರೂಮು, ಕಿಟಕಿ ಪಕ್ಕದ ಮಂಚ

ನನ್ನ ಕೆಂಪು ಪೆನ್ನಿನ ಅಮ್ಮನಿಗೆ,

ನಿನ್ನ ಮಗಳು ಚೆನ್ನಾಗಿದ್ದಾಳೆ. ಹೊತ್ತು ಹೊತ್ತಿಗೆ ತಿನ್ನುತ್ತಿದ್ದಾಳೆ, ಕೂದಲು ಉದುರುವುದು ಮಾತ್ರ ನಿಂತಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಕೂತು ಬರೆದ ಪ್ರತಿ ಕಾಗದವನ್ನೂ ನೀನು ಪ್ರೆಸ್ಸಿನ ಕರಡಿನ ಹಾಗೆ ತಿದ್ದಿ ವಾಪಸ್ ಕಳಿಸಿದ್ದೀಯ. ಇದೊಂದನ್ನು ತಿದ್ದಬೇಡ, ಪ್ಲೀಸ್. ಒತ್ತಕ್ಷರ ಬಿಟ್ಟುಹೋಗಿದ್ದರೆ ಇಂಗ್ಲಿಷ್ ಸ್ಕೂಲಿಗೆ ಹಾಕಿದ ನಿನ್ನನ್ನೇ ಬೈದುಕೋ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಆ ಕಡೆಯಿಂದ ನೀನು 'ಹೂಂ' ಅಂದರೆ ಸಾಕು, ನನಗೆ ಅಳು ಬರುತ್ತದೆ.

ಮೊದಲು ಅಪ್ಪನ ಬಾಯಿಗೊಂದು ಬೀಗ ಹಾಕು. 'ನಮ್ಮ ಪುಕ್ಕಲಿ ಹೊಸ ವೈರಸ್ ಹಿಡಿದಿದ್ದಾಳೆ, ಬಸ್ಸಿನ ಕೆಳಗೆ ಮಲಗಿ ನಟ್ಟು ಬಿಗಿಯೋರಿಗೆ ಅದೆಲ್ಲ ಎಲ್ಲಿ ಅರ್ಥ ಆಗತ್ತೆ' ಅಂತ ಡಿಪೋದವರಿಗೆಲ್ಲ ಡಂಗುರ ಹೊಡೆದಿದ್ದಾರಂತೆ. ಅಂಥ ವೈರಸ್ ಇಲ್ಲ. ಇರಲೇ ಇಲ್ಲ.

ಹೇಗೆ ಅಂತ ಹೇಳುತ್ತೇನೆ. ಕೊರೊನಾ ವೈರಸ್ಸಿನ ಜೀನುಗಳೆಲ್ಲ ಸೇರಿದರೆ ಮೂವತ್ತು ಸಾವಿರ ಅಕ್ಷರಗಳ ಒಂದು ಪುಸ್ತಕ. ನಮ್ಮ ಮೈಯೊಳಗೆ ಹೊಕ್ಕು ಅದು ತನ್ನ ಪ್ರತಿ ತೆಗೆಯುತ್ತಲೇ ಇರುತ್ತದೆ. ತಮಾಷೆ ಏನು ಗೊತ್ತಾ, ಇದರ ಜಾತಿಯ ಬೇರೆ ಎಷ್ಟೋ ವೈರಸ್‌ಗಳಿಗೆ ಇಲ್ಲದ ಒಬ್ಬ ಪ್ರೂಫ್ ರೀಡರ್ ಇದಕ್ಕಿದ್ದಾನೆ, ತಪ್ಪಕ್ಷರ ಕಂಡರೆ ಕಿತ್ತುಹಾಕುತ್ತಾನೆ. ನಿನ್ನ ಪೈಕಿ. ನಿನ್ನ ಹಾಗೇ ಅವನ ಕಣ್ಣೂ ಒಮ್ಮೊಮ್ಮೆ ತಪ್ಪುತ್ತದೆ. ಹಾಗೆ ಒಬ್ಬರಿಂದ ಒಬ್ಬರಿಗೆ ದಾಟುವಾಗ ತಿಂಗಳಿಗೆ ಒಂದೆರಡು ತಪ್ಪು ಉಳಿದುಬಿಡುತ್ತವೆ. ಆ ತಪ್ಪುಗಳನ್ನು ಹಿಡಿದೇ ಯಾವುದು ಯಾವುದರ ಮರಿ ಅಂತ ನಾವು ವಂಶವೃಕ್ಷ ಬರೆಯುವುದು. ತಪ್ಪೇ ಆಗದಿದ್ದರೆ ನಮಗೆ ಕೆಲಸವೇ ಇಲ್ಲ.

ಅಪರೂಪಕ್ಕೆ ಇನ್ನೊಂದು ನಡೆಯುತ್ತದೆ, ಹಿಂದಿನ ಕಾಗದದಲ್ಲಿ ಬರೆದಿದ್ದೆನಲ್ಲ. ಒಬ್ಬನೇ ಮನುಷ್ಯನಿಗೆ ಎರಡು ಬಗೆಯವು ಒಟ್ಟಿಗೆ ಅಂಟಿದರೆ, ಪ್ರತಿ ತೆಗೆಯುವಾಗ ಅರ್ಧಕ್ಕೇ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಿ, ಮೊದಲರ್ಧ ಇದರದ್ದು ಉಳಿದರ್ಧ ಅದರದ್ದು ಆಗಿ ಹೊಸದೊಂದು ಹುಟ್ಟುತ್ತದೆ. ಕುಳಿಗೊಬ್ಬ ರೋಗಿಯ ಸ್ಯಾಂಪಲ್ ಹಾಕುವ ನಮ್ಮ ಟ್ರೇಯ ಇಪ್ಪತ್ನಾಲ್ಕು ಕುಳಿಗಳಲ್ಲಿ ಒಂಬತ್ತನೆಯದು ಹಾಗೇ ಕಂಡಿತ್ತು. ಅದನ್ನು ಮೊದಲು ನೋಡಿದವಳು ನಾನು! ಅಲ್ಲಿಯವರೆಗೆ ನನ್ನನ್ನು 'ಏ ಹೊಸಬಿ' ಎನ್ನುತ್ತಿದ್ದ ಲ್ಯಾಬಿನ ದೊಡ್ಡ ಮೇಡಂ 'ಬಾಮ್ಮ, ಕೂತ್ಕೋ' ಅಂದರು. ಬುಧವಾರ ಆರೋಗ್ಯ ಇಲಾಖೆಗೆ ರಿಪೋರ್ಟ್ ಹೋಗುವುದಿತ್ತು.

ಶನಿವಾರ ನಿನ್ನ ಕಾಗದ ಬಂತು. ನಿಮ್ಮ ಬೈಂಡರ್ ಒಮ್ಮೆ ಅಡುಗೆ ಪುಸ್ತಕದ ಮೊದಲರ್ಧಕ್ಕೆ ಮೋಟಾರು ರಿಪೇರಿ ಪುಸ್ತಕದ ಕೊನೆಯರ್ಧ ಹೊಲಿದ ಕಥೆ ಓದಿ ಮೆಸ್ಸಿನಲ್ಲಿ ಒಬ್ಬಳೇ ನಕ್ಕೆ. ಈರುಳ್ಳಿ ಹೆಚ್ಚಿ ಅಂತ ಶುರುವಾಗಿ ಬ್ರೇಕಿಗೆ ಎಣ್ಣೆ ಬಿಡಿ ಅಂತ ಮುಗಿದಿತ್ತಂತೆ. 'ಆದರೂ ಒಂದೊಂದು ಪುಟವೂ ಸ್ವಚ್ಛವಾಗಿತ್ತು ಕಣೇ. ಅದೇ ಒಂದು ಹಾಳೆ ಎರಡು ಸಲ ಅಚ್ಚಾದರೆ ಅಕ್ಷರದ ಮೇಲೆ ಅಕ್ಷರ ಕೂರುತ್ತದೆ. ನಿನ್ನದು ಹೊಲಿಗೆಯೋ ಡಬಲ್ ಅಚ್ಚೋ? ಪುಟ ಬಿಚ್ಚಿ ನೋಡಿದೆಯಾ?' ಅಂತ ನೀನು ಕೇಳಿದ್ದೆ.

ನೋಡಿರಲಿಲ್ಲ. ಕಂಪ್ಯೂಟರ್ ಸೋಸಿ ಕೊಟ್ಟದ್ದನ್ನಷ್ಟೇ ಓದಿದ್ದೆ. ಒಂದು ಜಾಗದಲ್ಲಿ ಎರಡು ಅಕ್ಷರ ಸಿಕ್ಕರೆ ಅದು ಬಹುಮತದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಅಡಗಿಸುತ್ತದೆ. ಅವತ್ತೇ ಬಿಚ್ಚಿದೆ. ಎಂಟು ಮತ್ತು ಒಂಬತ್ತನೇ ಸ್ಯಾಂಪಲ್‌ಗಳಲ್ಲಿ ಎಲ್ಲೆಲ್ಲಿ ವ್ಯತ್ಯಾಸವಿದೆಯೋ ಅಲ್ಲೆಲ್ಲ ಒಂಬತ್ತನೇ ಕುಳಿಯಲ್ಲಿ ಎರಡೂ ಅಕ್ಷರಗಳು ಒಂದರ ಮೇಲೊಂದು ಕೂತಿದ್ದವು. ಮೊದಲರ್ಧದಲ್ಲಿ ಎಂಟರದ್ದು ನೂರಕ್ಕೆ ಅರವತ್ತು, ಕೊನೆಯರ್ಧದಲ್ಲಿ ಒಂಬತ್ತರದ್ದು ಅರವತ್ತು. ಡಬಲ್ ಅಚ್ಚು. ಒಂದು ಕುಳಿಗೆ ಎರಡು ಸ್ಯಾಂಪಲ್ ಬಿದ್ದಿತ್ತು, ಅಷ್ಟೇ.

ಸೋಮವಾರ ಮೇಡಂಗೆ ತೋರಿಸಿದೆ. ರಿಪೋರ್ಟ್ ನಿಲ್ಲಿಸಿದರು. ಮೊದಲ ವರ್ಷದವಳು ಇಂಥದ್ದು ಹಿಡಿಯುವುದು ಸಣ್ಣ ಮಾತಲ್ಲ ಅಂತ ಎಲ್ಲರ ಎದುರು ಹೊಗಳಿದರು. ಆಮೇಲೆ ರಿಜಿಸ್ಟರ್ ತರಿಸಿ ನೋಡಿದರೆ ಆ ಟ್ರೇಗೆ ಸಹಿ ಹಾಕಿದ್ದವಳು ನಮ್ಮ ಸೀನಿಯರ್, ಜಿರಾಫೆ ಅಕ್ಕ. ಮೂರು ವರ್ಷದಿಂದ ಪಳಗಿದ ಕೈ. ಆದರೇನು, ತಪ್ಪು ಯಾರಿಂದಲಾದರೂ ಆಗುತ್ತದೆ.

ಅಮ್ಮಾ, ಈ ಕೊನೆಯ ವಾಕ್ಯದ ಹತ್ತಿರ ನೀನು ಕನ್ನಡಕ ಹಣೆಗೇರಿಸಿ ನಿಂತಿರುತ್ತೀಯ. ಗೊತ್ತು.

ಮೊದಲ ವರ್ಷದವರು ಸಹಿ ಹಾಕುವ ಹಾಗಿಲ್ಲ, ಅದಕ್ಕೇ ಸಹಿ ಅವಳದ್ದು. ಕೈ ನನ್ನದು. ಎಂಟನೆಯದನ್ನು ಹಾಕುತ್ತಿದ್ದಾಗ ಆಚೆ ಟೇಬಲಿನಿಂದ ಅಕ್ಕ ಏನೋ ಕೇಳಿದಳು, ತಲೆ ಎತ್ತಿ ಉತ್ತರ ಕೊಟ್ಟೆ. ತಲೆ ಬಗ್ಗಿಸಿದರೆ ಎಂಟರ ಟ್ಯೂಬು ಇನ್ನೂ ಕೈಯಲ್ಲೇ ಇದೆ. ಹಾಕಿದೆನೋ ಇಲ್ಲವೋ? ಹನಿ ಅಳೆದು ಹಾಕುವ ಪಿಪೆಟ್ಟಿಗೆ ಹೊಸ ಪ್ಲಾಸ್ಟಿಕ್ ಮೂತಿ ಸಿಕ್ಕಿಸಿ ಇನ್ನೊಂದು ಸಲ ಹಾಕಿದೆ. ಅದು ಪಕ್ಕದ ಒಂಬತ್ತನೇ ಕುಳಿಗೆ ಬಿತ್ತು ಅಂತ ಅನುಮಾನ ಅವತ್ತೇ ಇತ್ತು. ಯಾಕೆಂದರೆ ಕೆಲಸ ಮುಗಿದಾಗ ಕಸದ ಡಬ್ಬಿಯಲ್ಲಿ, ಸ್ಯಾಂಪಲ್ಲಿಗೊಂದರಂತೆ ಇಪ್ಪತ್ನಾಲ್ಕು ಇರಬೇಕಾದ ಕಡೆ, ಇಪ್ಪತ್ತೈದು ಮೂತಿಗಳಿದ್ದವು. ಎಣಿಸಿದವಳೂ ನಾನೇ, ಸುಮ್ಮನಿದ್ದವಳೂ ನಾನೇ.

ಅಕ್ಕ ಬೇರೊಂದು ಸಂಸ್ಥೆಗೆ ಅರ್ಜಿ ಹಾಕಿದ್ದಾಳೆ. ಮೇಡಂ ಬರೆಯುವ ಶಿಫಾರಸು ಪತ್ರ ಈ ವಾರವೇ ಹೋಗಬೇಕು. ನಿನ್ನೆ ಮೇಡಂ 'ಇಂಥ ಕೈಗೆ ನಾನು ಏನಂತ ಬರೆಯಲಿ' ಅಂದಾಗ ಅವಳು 'ನನ್ನಿಂದಲೇ ಆಗಿರಬೇಕು ಮೇಡಂ, ನೆನಪೇ ಆಗ್ತಿಲ್ಲ' ಅಂದುಬಿಟ್ಟಳು. ನಾನು ಪಕ್ಕದಲ್ಲಿ ನಿಂತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದೆ. ನನ್ನದೇ ತಪ್ಪು ನಾನೇ ಹಿಡಿದು, ಶಭಾಸ್ ಅನ್ನಿಸಿಕೊಂಡು, ಏಟು ಅವಳಿಗೆ ತಿನ್ನಿಸಿದ್ದೆ.

ಹೆದರಬೇಡ, ಇವತ್ತು ಹೇಳಿಬಿಟ್ಟೆ. ಹನ್ನೊಂದಕ್ಕೆ ಮೇಡಂ ರೂಮಿಗೆ ನೇರ ಹೋದೆ, ತಲೆ ತಗ್ಗಿಸಲಿಲ್ಲ, ಒಂದೇ ಉಸಿರಿಗೆ ಹೇಳಿದೆ. ಮೇಡಂ ಬೆನ್ನು ತಟ್ಟಿ, ವಿಜ್ಞಾನಕ್ಕೆ ಬೇಕಾದದ್ದು ಇಂಥ ಪ್ರಾಮಾಣಿಕತೆಯೇ ಅಂದರು. ಅಕ್ಕ ನಕ್ಕು, ತಬ್ಬಿಕೊಂಡು, 'ಹೋಗ್ಲಿ ಬಿಡೇ ಪುಟ್ಟಿ' ಅಂದಳು. ಎಲ್ಲ ಸರಿಹೋಯಿತು.

ಇಂತಿ, ಈಗ ಹಗುರಾಗಿರುವ
ನಿನ್ನ ಪುಕ್ಕಲಿ

ತಾ.ಕ.: ಮೇಲಿನದನ್ನೆಲ್ಲ ಬರೆದು ಮುಗಿಸಿದಾಗ ಹತ್ತೂ ಐವತ್ತು. ಆಗಿನ್ನೂ ನಾನು ಯಾರಿಗೂ ಏನೂ ಹೇಳಿರಲಿಲ್ಲ. ಹೇಳಿದೆ ಅಂತ ನಿನಗೆ ಬರೆದುಬಿಟ್ಟರೆ ಹೇಳದೆ ವಿಧಿಯಿರುವುದಿಲ್ಲ ಅಂತ ಹಾಗೆ ಮಾಡಿದೆ. ನಿನಗೆ ಸುಳ್ಳು ಕಾಗದ ಹಾಕೋಕೆ ನನ್ನ ಕೈಲಿ ಆಗಲ್ಲ. ಈಗ ಸಂಜೆ ನಾಲ್ಕು, ಹೇಳಿ ಬಂದಿದ್ದೇನೆ. ಬೆನ್ನು ತಟ್ಟಿದ್ದು, ತಬ್ಬಿದ್ದು ಹೊಡೆದುಹಾಕು. ನಾನು ಅಳುತ್ತಾ ಶುರುಮಾಡಿದ್ದಕ್ಕೆ ಮೇಡಂ 'ಕುಳಿ ನಂಬರು ಹೇಳು, ಅಳು ಆಮೇಲೆ' ಅಂದು, ಎಲ್ಲವನ್ನೂ ನನ್ನ ಕೈಲೇ ಬರೆಸಿ ಸಹಿ ಹಾಕಿಸಿದರು. ಅಕ್ಕನ ಪತ್ರಕ್ಕೆ ನನ್ನೆದುರೇ ಸಹಿ ಮಾಡಿದರು. ಅಕ್ಕ ನಗಲಿಲ್ಲ. 'ನಿನ್ನೆಯಿಂದ ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿತ್ತು ಕಣೇ' ಅಂದಳು. ಅರ್ಧ ಗಂಟೆಯಾದ ಮೇಲೆ ಹೊಸ ಟ್ರೇ ತಂದು ನನ್ನ ಮುಂದಿಟ್ಟು, 'ಮೊದಲಿಂದ ಹಾಕು. ಈ ಸಲ ಬಾಯಿಬಿಟ್ಟು ಎಣಿಸು, ಇಡೀ ಲ್ಯಾಬಿಗೆ ಕೇಳಬೇಕು' ಅಂತ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಳು. ಎಣಿಸಿದೆ. ಹದಿನೇಳರ ಹತ್ತಿರ ನನ್ನ ದನಿ ಇಳಿದಾಗ, ಹದಿನೆಂಟು ಅಂತ ಅವಳೇ ಅಂದಳು.