ಚೀಟಿಯಲ್ಲಿ ಬಂದ ಅಭ್ಯರ್ಥಿಗೆ ಒಂದು ಕಣ್ಣು

ನಮ್ಮ ಕೌಂಟಿಯ ಸರ್ಕಾರಿ ವಕೀಲರೇ, 'ಮಾನ್ಯರೇ' ಎಂದು ಬರೆಯಲು ಕೈ ಏಳುತ್ತಿಲ್ಲ, ಆದರೂ ರೂಢಿಗಾಗಿ, ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ತಮಗೊಂದು ಸಣ್ಣ ಕೆಲಸವಿದೆ. ಡೇಲ್ ಬೆಲೈರ್ ಎಂಬಾತ ತಮ್ಮೊಂದಿಗೆ ಮಾಡಿಕೊಂಡ ಒಪ್ಪಂದದಂತೆ ನ್ಯಾಯಾಲಯಕ್ಕೆ ಬಂದು, ಸಾರ್ವಜನಿಕ ಸ್ಥಳದಲ್ಲಿ ಗದ್ದಲ ಮಾಡಿದ್ದು ನಿಜ ಎಂದು ಒಪ್ಪಿಕೊಂಡು ದಂಡ ಕಟ್ಟುತ್ತಾನೆ. ತಾವು ತಲೆಯಾಡಿಸುತ್ತೀರಿ. ಅವನು ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾನೆ. ಒಮ್ಮೆ ಹಾಗೆ ಮುಗಿದ ಪ್ರಕರಣವನ್ನು ಮತ್ತೆ ತೆರೆಯಲಾಗದು ಎಂದು ತಮ್ಮ ಕಚೇರಿಯವರೇ ಫೋನಿನಲ್ಲಿ ನನಗೆ ಹೇಳಿದರು. ಅವನು ಮಾಡಿದ ಆ 'ಗದ್ದಲ' ಯಾವುದೆಂದರೆ, ಟ್ರಕ್ಕಿನ ಚಕ್ರ ಬಿಚ್ಚುವ ಕಬ್ಬಿಣದ ರಾಡಿನಿಂದ ನನ್ನ ಗಂಡ ರೇನೋನ ದವಡೆ ಮುರಿದು, ಎಡಗಣ್ಣು ಒಡೆದದ್ದು. ಒಡೆದದ್ದು ಎಂದೇ ಬರೆಯುತ್ತೇನೆ. 'ದೃಷ್ಟಿಗೆ ಹಾನಿಯುಂಟಾಗಿದೆ' ಎಂದು ಬರೆಯಲು ತಮ್ಮ ಕಚೇರಿ ಇದೆ.

ಇದಾದದ್ದು ಯಾತಕ್ಕೆ ಎಂದು ತಾವು ಒಂದು ಸಲವಾದರೂ ಕೇಳಿದಿರಾ? ಕೇಳಲಿಲ್ಲ, ನಾನೇ ಹೇಳುತ್ತೇನೆ. ಅಧ್ಯಕ್ಷರ ಚುನಾವಣೆ ಬಂದಾಗಲೆಲ್ಲ ಅಕ್ಟೋಬರಿನ ಒಂದು ಶುಕ್ರವಾರ, ಅಗ್ನಿಶಾಮಕ ದಳದ ದೊಡ್ಡ ಹಾಲ್‌ನಲ್ಲಿ ಮೀನೂಟ ಮುಗಿದ ಮೇಲೆ, ನಾವು ಮೇಜು ಸರಿಸಿ ಕೂರುತ್ತೇವೆ. ದೊಡ್ಡ ಪಕ್ಷಗಳೆರಡೂ ಟೀವಿಯಲ್ಲಿ ಹಗಲೂ ರಾತ್ರಿ ಕಿರುಚುತ್ತಿರುತ್ತವೆ, ಅವುಗಳ ಗೊಡವೆ ನಮಗೆ ಬೇಡ. ಮತಪತ್ರದ ಕೆಳಗಡೆ ಇನ್ನೂ ಕೆಲವು ಹೆಸರುಗಳಿರುತ್ತವಲ್ಲ, ಮೂರನೆಯ ಪಕ್ಷದವರು, ನಾಲ್ಕನೆಯವರು, ಪಕ್ಷೇತರರು, ಅವರ ಮಾತು ಯಾರು ಕೇಳಬೇಕು? ಮಿಷಿಗನ್ನಿನ ಈ ಉತ್ತರ ತುದಿಗೆ ಅವರು ಯಾರೂ ಬರುವುದಿಲ್ಲ. ಹಾಗಾಗಿ ನಮ್ಮವರೇ ಒಂದು ವಾರ ಮೊದಲು ಚೀಟಿ ಎತ್ತಿ, ಆ ಶುಕ್ರವಾರ ಯಾರ ಹೆಸರು ಬಂತೋ ಅವರಾಗಿ ಮಾತಾಡುತ್ತಾರೆ. 'ಅವರು' ಅನ್ನುವ ಹಾಗಿಲ್ಲ, 'ನಾನು' ಅನ್ನಬೇಕು. ತನಗೆ ಬಂದ ಅಭ್ಯರ್ಥಿಯನ್ನು ಗೇಲಿ ಮಾಡಿದವನು ಆವತ್ತಿನ ಪಾತ್ರೆಯೆಲ್ಲ ತೊಳೆಯಬೇಕು.

ಈ ಸಲ ಅಂಚೆ ಕಚೇರಿಯ ವರ್ನಾಗೆ ಭೂರಕ್ಷಣಾ ಪಕ್ಷ ಬಂತು. ತಾಮ್ರದ ಗಣಿ ಮುಚ್ಚುತ್ತೇನೆ, ಗಣಿಯವರಿಗೆ ಬೇರೆ ಕೆಲಸ ಸಿಗುವ ತನಕ ಸಂಬಳ ಕೊಡುತ್ತೇನೆ ಅಂದಳು. ಎಲ್ಲಿಂದ ಕೊಡ್ತೀಯಮ್ಮಾ ಎಂದು ಕೇಳಿದ್ದಕ್ಕೆ, ಪ್ರಣಾಳಿಕೆಯಲ್ಲಿ ಅದೊಂದನ್ನು ಬರೆದಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ಚರ್ಚಿನಲ್ಲಿ ಆರ್ಗನ್ ನುಡಿಸುವ ಕ್ಲೈಡ್‌ಗೆ ಸ್ವೇಚ್ಛಾ ಪಕ್ಷ. ಆದಾಯ ತೆರಿಗೆ ಇಲ್ಲ, ಕ್ಷೌರಕ್ಕೂ ಮೀನು ಹಿಡಿಯುವುದಕ್ಕೂ ಪರವಾನಗಿ ಬೇಡ, ಆಸ್ಪತ್ರೆಯ ಖರ್ಚು ಅವರವರದೇ. ಹಾಗಾದರೆ ರಸ್ತೆಯ ಹಿಮ ತೆಗೆಯೋರು ಯಾರು ಎಂದು ಯಾರೋ ಕೇಳಿದರು. ಅದೂ ಅವರವರದೇ ಅಂದ ಕ್ಲೈಡ್. ರೇನೋಗೆ ಬಂದದ್ದು ಪಕ್ಷೇತರ ಹೆಂಗಸು, ಸೈನ್ಯದಿಂದ ನಿವೃತ್ತಳಾದ ಡಾಕ್ಟರು. ಆಸ್ಪತ್ರೆ ಎಲ್ಲರಿಗೂ ಪುಕ್ಕಟೆ, ಮತ್ತು ವಾಹನಕ್ಕೆ ಇರುವ ಹಾಗೆ ಪ್ರತಿ ಬಂದೂಕಿಗೂ ವಿಮೆ. ಯುದ್ಧದ ವಿಷಯಕ್ಕೆ ಬಂದಾಗ ಮೂವರೂ, ಸಂಸತ್ತು ಮತ ಹಾಕದೆ ಒಬ್ಬ ಸೈನಿಕನನ್ನೂ ಹೊರಗೆ ಕಳಿಸಕೂಡದು ಅಂದರು. "ಅರೆ, ಮೂರು ದಿಕ್ಕಿನೋರು ಒಂದೇ ಮಾತು ಹೇಳ್ತಿದಾರಲ್ರೀ!" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ಇಂಥದ್ದು ಟೀವಿಯಲ್ಲಿ ಸಿಗುತ್ತದೆಯೇ, ಮಾನ್ಯರೇ?

ರೇನೋ ಬೇಟೆಗಾರ. ನಮ್ಮ ಗೋಡೆಯ ಮೇಲೆ ಅವನ ಬಂದೂಕುಗಳು ಸಾಲಾಗಿ ನಿಂತಿವೆ. ಚೀಟಿ ಬಿಚ್ಚಿದಾಗ, "ಅಯ್ಯೋ, ಹೋಗಿ ಹೋಗಿ ಈಯಮ್ಮ ನಂಗೇ ಬರ್ಬೇಕಾ!" ಎಂದು ಹಣೆ ಚಚ್ಚಿಕೊಂಡ. ಆಮೇಲೆ ವಾರವೆಲ್ಲ ನಮ್ಮ ಸೌನಾದಲ್ಲಿ, ಅಂದರೆ ಹಬೆಸ್ನಾನದ ಕೋಣೆಯಲ್ಲಿ, ಕೂತು ವಿಮೆಯ ಭಾಷಣವನ್ನು ಬಾಯಿಪಾಠ ಮಾಡಿದ. ನಾನು ಕಾದ ಕಲ್ಲಿಗೆ ನೀರು ಎರಚುತ್ತಾ ನಕ್ಕು ನಕ್ಕು ಸುಸ್ತಾದೆ.

ಸಭೆಯ ದಿನ ಹಾಲ್‌ನಲ್ಲಿ ಡೇಲ್ ಎದ್ದು ನಿಂತ. ಇಬ್ಬರೂ ಒಂದೇ ಬೇಟೆ ಗುಡಿಸಲಿನಲ್ಲಿ ಮಲಗಿ ಎದ್ದ ಗೆಳೆಯರು, ಗೊತ್ತಿರಲಿ.

"ಲೋ ರೇನೋ, ನನ್ನ ಬಂದೂಕಿಗೆ ನಾನ್ಯಾಕೋ ವಿಮೆ ಕಟ್ಲಿ?"

"ನಿನ್ನ ಟ್ರಕ್ಕಿಗೆ ಕಟ್ತೀಯಲ್ಲಪ್ಪ. ಟ್ರಕ್ಕು ಕೊಲ್ಲೋಕಂತ ಮಾಡಿದ್ದಲ್ಲ. ಬಂದೂಕು ಅದಕ್ಕೇ ಮಾಡಿದ್ದು."

"ನಿನ್ ಮನೇಲೂ ರಾಶಿ ಬಂದೂಕಿದೆಯಲ್ಲೋ, ಕಳ್ಳ!"

"ಅವು ರೇನೋದು. ನಾನು ಡಾಕ್ಟರು. ಕೂತ್ಕೋ ಬಾ, ನಿನ್ನ ಬೀಪಿ ನೋಡ್ತೀನಿ."

ಇಡೀ ಹಾಲ್ ನಕ್ಕಿತು. ಡೇಲ್‌ನ ಹೆಂಡತಿಯೂ ನಕ್ಕಳು. ಅವನು ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಹೋದ.

ಸಭೆ ಮುಗಿದು ರೇನೋ ಕುರ್ಚಿಗಳನ್ನು ನಮ್ಮ ಗಾಡಿಗೆ ಹಾಕುತ್ತಿದ್ದ. ನಾನು ಬಾಗಿಲ ಬಳಿಯ ತೊಟ್ಟಿಯಲ್ಲಿ ಮೀನು ಹುರಿದ ಬಾಣಲೆ ಉಜ್ಜುತ್ತಿದ್ದೆ. "ಈಗ ನೋಡೋ ಬೀಪಿ, ಡಾಕ್ಟ್ರೇ" ಎಂಬ ಡೇಲ್‌ನ ಮಾತು ಕೇಳಿಸಿತು. ಮೊದಲ ಏಟು ಭುಜಕ್ಕೆ. "ಡೇಲ್, ಅದು ಚೀಟಿ ಕಣೋ! ಚೀಟೀಲಿ ಬಂದಿದ್ದು ಕಣೋ!" ಎಂದು ರೇನೋ ಕೂಗಿಕೊಂಡ. ಎರಡನೆಯ ಏಟು ಆ ಮಾತಾಡಿದ ಬಾಯಿಗೇ ಬಿತ್ತು. ಹಲ್ಲುಗಳು ಜಲ್ಲಿಯ ಮೇಲೆ ಚೆಲ್ಲಿದವು. ಬಿದ್ದವನ ಎದೆಯ ಮೇಲೆ ಕಾಲಿಟ್ಟು, ರಾಡನ್ನು ಎರಡೂ ಕೈಯಲ್ಲಿ ಎತ್ತಿ, ಮೂರನೆಯದನ್ನು ಕಣ್ಣಿಗೆ ಇಳಿಸಿದ. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ನಾನು ಓಡಿಬಂದು ಕೈಯಲ್ಲಿದ್ದ ಎರಕದ ಬಾಣಲೆಯನ್ನು ಡೇಲ್‌ನ ಮಣಿಕಟ್ಟಿಗೆ ಬೀಸಿದೆ. ಮೂಳೆ ಲಟಕ್ಕೆಂದಿತು, ರಾಡು ಕೆಳಗೆ ಬಿತ್ತು. ಇನ್ನೊಂದು ಸಲ ಬೀಸಿದೆ, ಪಕ್ಕೆಲುಬಿಗೆ. ಅದರ ಅಗತ್ಯ ಇರಲಿಲ್ಲ, ಆದರೂ ಹೊಡೆದೆ. ಹಿಡಿದುಕೊಳ್ಳುವವರು ಬಾರದೆ ಇದ್ದಿದ್ದರೆ ತಲೆಗೂ ಹೊಡೆಯುತ್ತಿದ್ದೆ.

ಇದನ್ನೇ ತಾವು ಹಿಡಿದುಕೊಂಡಿರಿ. "ಚುನಾವಣೆಯ ಕಾವಿನಲ್ಲಿ ಎರಡೂ ಕಡೆಯವರು ಕೈ ಮಾಡಿದ್ದಾರೆ" ಎಂದು ಬರೆದಿರಿ. ಯಾವ ಎರಡು ಕಡೆ, ಸ್ವಾಮೀ? ರೇನೋ ಮತ್ತು ಡೇಲ್ ಒಂದೇ ಪಕ್ಷದವರು. ಇಬ್ಬರ ಅಂಗಳದಲ್ಲೂ ಒಂದೇ ಅಭ್ಯರ್ಥಿಯ ಬೋರ್ಡು ನೆಟ್ಟಿದೆ. ಅದು ತಮ್ಮದೂ ಪಕ್ಷ. ಜಗತ್ತಿನಲ್ಲಿ ಇರುವುದು ಎರಡೇ ಕಡೆ, ಎರಡೂ ಸಮ ಎಂದು ನೋಡಿ ನೋಡಿ ತಮಗೆ ಅಭ್ಯಾಸವಾಗಿಬಿಟ್ಟಿದೆ. ಇಲ್ಲದಿದ್ದರೆ ಬಿದ್ದವನ ಕಣ್ಣಿಗೆ ರಾಡು ಇಳಿಸಿದ್ದೂ, ಇಳಿಸಿದವನ ಕೈ ಮುರಿದದ್ದೂ ತಕ್ಕಡಿಯಲ್ಲಿ ಹೇಗೆ ಸರಿತೂಗುತ್ತಿತ್ತು? ಸಾಲದ್ದಕ್ಕೆ, ಶಾಂತಿಯ ದೃಷ್ಟಿಯಿಂದ ಹಾಲ್‌ನಲ್ಲಿ ಇನ್ನು ಇಂಥ ಸಭೆ ಬೇಡ ಎಂಬ ಸಲಹೆ ಬೇರೆ. ರಾಡು ಬೀಸಿದವನು ಬೀದಿಯಲ್ಲಿದ್ದಾನೆ, ಬೀಗ ಬಿದ್ದದ್ದು ಹಾಲ್‌ಗೆ. ಥೂ!

ಡೇಲ್ ಈಗ ದಿನವೂ ನಮ್ಮ ಮನೆಯ ಮುಂದೆ ಟ್ರಕ್ಕು ನಿಧಾನ ಮಾಡಿ ಹಾರ್ನ್ ಬಾರಿಸುತ್ತಾನೆ. ಮೊನ್ನೆ ಕಿಟಕಿ ಇಳಿಸಿ, "ಇನ್ನೊಂದ್ ಕಣ್ಣು ಹೆಂಗಿದೆ ಐಲಾ? ಸೋಮವಾರ ಕಳೀಲಿ, ಬರ್ತೀನಿ" ಎಂದು ನನ್ನ ಹೆಸರು ಹಿಡಿದು ಕೂಗಿದ. ನಾನು ತುಂಬಿದ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ವರಾಂಡದಲ್ಲಿ ಕೂರುತ್ತೇನೆ. ನನ್ನ ಗುರಿ ರೇನೋನ ಗುರಿಗಿಂತ ಚೆನ್ನಾಗಿದೆ. ಡೇಲ್ ನಮ್ಮ ಅಂಗಳದಲ್ಲಿ ಕಾಲಿಟ್ಟರೆ ಹೊಡೆದು ಕೆಡವುತ್ತೇನೆ. ಬೆದರಿಕೆ ಎಂದು ಬೇಕಾದರೆ ಓದಿಕೊಳ್ಳಿ. ಸೋಮವಾರ ತಾವು ಕೈತೊಳೆದುಕೊಂಡರೆ ನಮ್ಮ ಬೀದಿಯಲ್ಲಿ ಒಂದು ಹೆಣ ಬೀಳುತ್ತದೆ. ಯಾರದು ಎಂಬುದಷ್ಟೇ ಬಾಕಿ.

ಮತಪತ್ರ ಅಂಚೆಯಲ್ಲಿ ಮನೆಗೆ ಬಂತು. ತಂತಿ ಬಿಗಿದ ದವಡೆ, ಪಟ್ಟಿ ಕಟ್ಟಿದ ಕಣ್ಣು. ಅದರಲ್ಲೇ ರೇನೋ ಪೆನ್ನು ಹಿಡಿದು ಕೂತ. ಆ ಡಾಕ್ಟರಮ್ಮನಿಗೇ ಹಾಕುತ್ತಾನೆ ಅಂದುಕೊಂಡೆ. ಹಾಕಲಿಲ್ಲ. ತನ್ನ ಹಳೆಯ ಅಭ್ಯರ್ಥಿಗೇ, ಡೇಲ್‌ನ ಅಭ್ಯರ್ಥಿಗೇ ಹಾಕಿದ.

"ಅಲ್ಲಾ ಮಾರಾಯ, ಈಗ್ಲೂನಾ?"

"ಹೊಡ್ದ ಅಂತ ಬದಲಾಯ್ಸಿದ್ರೆ ಅದು ನನ್ನ ಓಟಾ?" ಹಲ್ಲುಗಳ ಸಂದಿಯಿಂದ ಹೇಳಿದ.

ಕೆಳಗೆ, ನಾವೇ ಓಟು ಹಾಕಿ ಆರಿಸುವ ಕೌಂಟಿಯ ಸರ್ಕಾರಿ ವಕೀಲರ ಸ್ಥಾನಕ್ಕೆ ತಮ್ಮ ಹೆಸರಿತ್ತು. ತಮ್ಮೆದುರು ಮೂರನೆಯವರಿರಲಿ, ಎರಡನೆಯವರೂ ಇಲ್ಲ. ಖಾಲಿ ಬಿಡು ಅಂದೆ. ಅವನು ತಮ್ಮ ಹೆಸರಿನ ಪಕ್ಕದ ಗುಂಡನ್ನೂ ಪೆನ್ನಿನಿಂದ ಒತ್ತಿ ತುಂಬಿದ.

"ಯಾಕೆ ರೇನೋ?"

"ಸೋಮವಾರ ಸರಿ ಮಾಡ್ತಾರೆ ಕಣೇ. ಅವ್ರಿಗೆ ವಿಷಯ ಗೊತ್ತಿಲ್ಲ ಅಷ್ಟೇ."

ಈಗ ಗೊತ್ತಾಯಿತು. ಸೋಮವಾರದ ಆ ಒಪ್ಪಂದವನ್ನು ಹರಿದುಹಾಕಿ. ಡೇಲ್ ಬೆಲೈರ್ ಮೇಲೆ ಕೊಲೆಯತ್ನದ ಮೊಕದ್ದಮೆ ಹೂಡಿ. ಬಾಣಲೆ ಬೀಸಿದ್ದಕ್ಕೆ ನನ್ನ ಮೇಲೂ ಹೂಡಿ, ಬೇಡ ಅನ್ನುವುದಿಲ್ಲ. ಇಬ್ಬರನ್ನೂ ಊರಿನ ಜನರಿರುವ ಜ್ಯೂರಿಯ ಮುಂದೆ ನಿಲ್ಲಿಸಿ, ಅವರ ಎದುರು ರೇನೋನ ಪಟ್ಟಿ ಬಿಚ್ಚಿಸಿ. ಆಮೇಲೆ ಅವರು ನನ್ನನ್ನು ಜೈಲಿಗೆ ಹಾಕಿದರೆ ನಡೆದೇ ಹೋಗುತ್ತೇನೆ.

ಇಂತಿ,
ತಮಗೆ ಓಟು ಹಾಕಿದ ಒಕ್ಕಣ್ಣನ ಹೆಂಡತಿ,
ಐಲಾ ಕಾಂಗಸ್