ಮೂರು ಬಸರಕೊಪ್ಪ

ಬಸರಕೊಪ್ಪ
ಶುಕ್ರವಾರ, ೧೪ ನವೆಂಬರ್ ೨೦೨೫

ಸಾಜಿದ್ ಅವರಿಗೆ ಅಂಬರೀನಳ ಸಲಾಮು.

ಎಷ್ಟೇ ಸಿಟ್ಟು ಬಂದರೂ ಸಲಾಮು ಬಿಡಬಾರದು ಎಂದು ಅಬ್ಬಾ ಕಲಿಸಿದ್ದಾರೆ, ಅದಕ್ಕೆ ಬರೆದೆ. ಕ್ಷೇಮ ಸಮಾಚಾರ ಕೇಳುವುದಿಲ್ಲ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀವು ಕಟ್ ಮಾಡುತ್ತೀರಿ. ಪತ್ರವನ್ನು ಹಾಗೆ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಓದೇ ಓದುತ್ತೀರಿ, ನನಗೆ ಗೊತ್ತು.

ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದು ಒಂದೇ. ಕಿತ್ತೂರ ಕಡೆಯ ನಮ್ಮ ಬಸರಕೊಪ್ಪದ ಹೆಸರಿನವೇ ಇನ್ನೆರಡು ಹಳ್ಳಿಗಳಿವೆ, ಮುನವಳ್ಳಿ ಹತ್ತಿರ ಒಂದು, ರಾಮದುರ್ಗದ ಆಚೆ ಒಂದು. ಅವನ್ನು ನೋಡಬೇಕು ಎಂದೆ. ನಮ್ಮೂರಿನ ಮದುವೆ ಕಾರ್ಡುಗಳು ತಪ್ಪಿ ಅಲ್ಲಿಗೆ ಹೋಗುತ್ತಿದ್ದವು, ಅಲ್ಲಿಯ ನೆಂಟರು ಚೀಲ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. ಸಣ್ಣವಳಿದ್ದಾಗಿನಿಂದ ಆಸೆಯಿತ್ತು. ನೀವು ನಕ್ಕಿರಿ: “ಮಂದಿ ಗೋವಾ ಕೇಳ್ತಾರ, ಇಕಿ ಬಸರಕೊಪ್ಪ ಕೇಳ್ತಾಳ ನೋಡ್ರಿ!” ಆದರೂ ಹೋದ ವಾರ ಕ್ರೂಸರ್ ಗಾಡಿಗೆ ಬಾಡಿಗೆ ಇಲ್ಲದ ದಿನ ಕರೆದುಕೊಂಡು ಹೋದಿರಿ. ಅವತ್ತು ಮಧ್ಯಾಹ್ನದವರೆಗೂ ನೀವು ಒಳ್ಳೆಯವರೇ ಆಗಿದ್ದಿರಿ.

ಮುನವಳ್ಳಿ ಕಡೆಯದಕ್ಕೆ ಗಾಡಿಯವರು ನೀರಿನ ಬಸರಕೊಪ್ಪ ಅನ್ನುತ್ತಾರೆ ಎಂದಿರಿ. ನವಿಲುತೀರ್ಥದ ಕಾಲುವೆಯಲ್ಲಿ ಕಾಲಿಳಿಬಿಟ್ಟು ಕೂತು ಕಬ್ಬು ತಿಂದೆವು. ರಾಮದುರ್ಗದ್ದು ಕಲ್ಲಿನ ಬಸರಕೊಪ್ಪ ಅಂತೆ. ಹಾಗಾದರೆ ನಮ್ಮೂರಿಗೆ ಏನಂತಾರ್ರಿ ಎಂದು ಕೇಳಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ, ನೀವು ಸುಮ್ಮಸುಮ್ಮನೆ ಹಾರ್ನ್ ಬಾರಿಸಿದಿರಿ.

ಉತ್ತರ ಕೊಟ್ಟವಳು ಕಲ್ಲಿನ ಬಸರಕೊಪ್ಪದ ಲಗಮವ್ವ. ನೀವು ಬೇವಿನ ಗಿಡದ ಕೆಳಗೆ ಗಾಡಿ ಒರೆಸುತ್ತಿದ್ದಿರಿ. ನಾನು ನೀರು ಕೇಳಲು ಅವಳ ಕಟ್ಟೆಗೆ ಹೋದೆ. ಯಾವೂರು ಎಂದಳು, ಹೇಳಿದೆ. ಕೂಡಲೇ ಒಳಗೆ ಹೋಗಿ ಅಕ್ಕಿ, ಬೆಲ್ಲ, ಕೊಬ್ಬರಿ ತಂದು ಉಡಿ ತುಂಬಿದಳು. “ನಮ್ಮ ಹೆಸರಿನ ಊರ ಮಗಳು ಬರಿ ಉಡೀಲೆ ಹೋಗಬಾರದವ್ವಾ. ಗಾಡಿಯವ್ರು ಓಡಿಹೋದಾಕಿ ಬಸರಕೊಪ್ಪ ಅಂತಾರಲ್ಲ, ಅದಽ ಏನು ನಿಮ್ಮೂರು?” ನನ್ನ ಮುಖ ನೋಡಿ ಅವಳೇ ಕೈ ಹಿಡಿದು ಎಬ್ಬಿಸಿದಳು. “ನಮಗ ಆಕಿ ಓಡಿಹೋದಾಕಿ ಅಲ್ಲ, ಬಂದಾಕಿ. ಬಾ, ತೋರಸ್ತೇನಿ.”

ಹಿಂದಿನ ಓಣಿಯಲ್ಲಿ ಕೌದಿ ಹೊಲಿಯುತ್ತಾ ಕೂತಿದ್ದವರು ನಮ್ಮ ಅಬ್ಬಾನ ತಂಗಿ, ನನ್ನ ಅಮೀರಬಿ ಫುಪ್ಪು, ನಿಮ್ಮ ಚಾಚಾನ ಹೆಂಡತಿ. ಯಾರದೋ ಜೊತೆ ಓಡಿಹೋದಳು ಎಂದು ನಿಮ್ಮ ಮನೆಯವರು ಊರೆಲ್ಲ ಹೇಳಿದ ಅದೇ ಅಮೀರಬಿ! ಆ ಮಾತು ನಂಬಿ ಅಬ್ಬಾ ತಲೆ ತಗ್ಗಿಸಿದರು. ಹೋದ ಮರ್ಯಾದೆ ಕೂಡಿಸಬೇಕೆಂದು ನನ್ನನ್ನು ಅದೇ ಮನೆಗೆ ಕೊಟ್ಟರು.

ಫುಪ್ಪು ಯಾರ ಜೊತೆಗೂ ಹೋಗಿರಲಿಲ್ಲ. ನಿಮ್ಮ ಚಾಚಾ ಮುರ್ತುಜಾಸಾಬರು ಹೊಡೆದು ಮುರಿದ ಕೈಯನ್ನು ಹೊತ್ತುಕೊಂಡು ಫುಪ್ಪು ನಿಮ್ಮ ಸವದತ್ತಿಯಲ್ಲಿ ಬಸ್ಸು ಹತ್ತಿದ್ದರು. ಬಸರಕೊಪ್ಪ ಎಂದರು. ಕಂಡಕ್ಟರ್ ಈ ಕಲ್ಲಿನ ಬಸರಕೊಪ್ಪದ ಟಿಕೆಟ್ ಹರಿದುಕೊಟ್ಟ. ತವರೆಂದು ಇಳಿದರೆ ಗುರುತಿನ ಮುಖ ಒಂದೂ ಇಲ್ಲ. ಲಗಮವ್ವನ ಅತ್ತೆ ಊರು ಕೇಳಿದಳು, ಊರ ಹೆಸರು ಕೇಳಿದ ಮೇಲೆ ಬೇರೇನೂ ಕೇಳಲಿಲ್ಲ, ಒಳಗೆ ಕರೆದಳು. ಫುಪ್ಪು ತವರಿಗೆ ಹೇಳಿ ಕಳಿಸಿದರು, ಅಬ್ಬಾ ಬರಲಿಲ್ಲ. ಹೆಸರು ಒಂದೇ ಎಂಬ ಕಾರಣಕ್ಕೆ ಒಬ್ಬ ಹೆಣ್ಣುಮಗಳನ್ನು ಇಷ್ಟು ವರ್ಷ ಕಾಪಾಡಿದ ಊರದು. ನೀವು ಅಲ್ಲಿ ಗಾಡಿ ಒರೆಸಿದಿರಿ.

ವಾಪಸು ಬರುವಾಗ ಎಲ್ಲ ಹೇಳಿದೆ. ನೀವು ಬೆಚ್ಚಿಬೀಳಲಿಲ್ಲ. ಅಂದರೆ ನಿಮಗೆ ಮೊದಲೇ ಗೊತ್ತಿತ್ತು! ಸ್ಟ್ಯಾಂಡಿನಲ್ಲಿ ಮಂದಿಯನ್ನು ಗಾಡಿಗೆ ಕರೆಯುವಾಗ ಓಡಿಹೋದಾಕಿ ಬಸರಕೊಪ್ಪ ಎಂದು ಕೂಗಬೇಡಿರಿ ಎಂದು ಕೈಮುಗಿದೆ. “ಮೂರು ಊರಿಗೂ ಗುರುತು ಬೇಕಲ್ಲ, ಹಂಗ ಅಂದ್ರನ ಮಂದಿಗೆ ತಿಳಿತೈತಿ” ಎಂದಿರಿ. ಮರುದಿನ ಸ್ಟ್ಯಾಂಡಿನಲ್ಲಿ ನಾನು ನೋಡುತ್ತಿದ್ದಂತೆಯೇ ಬಾಗಿಲು ಬಡಿದು ಬಡಿದು ಕೂಗಿದಿರಿ. ಸೀಟು ತುಂಬಿಸಲು ನಿಮಗೆ ನನ್ನ ಮನೆಯವಳ ಮಾನವೇ ಬೇಕಾಯಿತೇ? ನಾನು ಗಾಡಿಗೆ ಅಡ್ಡ ನಿಂತೆ. ಆಮೇಲೆ ಆದದ್ದನ್ನು ಬರೆಯುವುದಿಲ್ಲ.

ನಮ್ಮೂರಿಗೆ ಅಮೀರಬಿ ಬಸರಕೊಪ್ಪ ಎನ್ನಿರಿ. ಅಷ್ಟೇ ಜೋರಾಗಿ, ಅದೇ ಸ್ಟ್ಯಾಂಡಿನಲ್ಲಿ, ನಿಮ್ಮ ಚಾಚಾನಿಗೆ ಕೇಳುವಂತೆ. ಅದಾದ ಮೇಲೆ ಬರಬೇಕೋ ಬೇಡವೋ ನಾನು ಯೋಚಿಸುತ್ತೇನೆ. ಹಳೆಯ ಹೆಸರನ್ನೇ ಕೂಗುವುದಾದರೆ ಒಂದು ಮಾತು. ಓಡಿಹೋದಾಕಿ ಯಾರು ಎಂದು ಸೀಟಿನಲ್ಲಿ ಕೂತವರು ಕೇಳುತ್ತಾರೆ. ನನ್ನ ಹೆಂಡತಿ ಎಂದು ಹೇಳಿರಿ.

ಇಂತಿ,
ಅಂಬರೀನ

ತಾ.ಕ.: ನೀವು ಕಿತ್ತೂರ ಕಡೆಗೆ ಹೋಗಿ ಅಬ್ಬಾನ ಬಾಗಿಲು ಬಡಿದ ಸುದ್ದಿ ಬಂತು. ನಾನು ಅಲ್ಲಿಲ್ಲ. ಫುಪ್ಪುವಿಗೆ ತಪ್ಪಿ ಸಿಕ್ಕ ಟಿಕೆಟನ್ನು ನಾನು ಕೇಳಿ ತೆಗೆದುಕೊಂಡೆ. ನನ್ನ ಎಡಗೈ ಬಾವು ಇಳಿಯುತ್ತಿದೆ, ಮೂಳೆ ಮುರಿದಿಲ್ಲವಂತೆ. ಅರಿಶಿನ ಹಚ್ಚಿ ಬಟ್ಟೆ ಕಟ್ಟುವಾಗ ಫುಪ್ಪು ಏನಾಯಿತೆಂದು ಕೇಳಲಿಲ್ಲ. ಕೈ ನೋಡಿಯೇ, ಯಾವ ಮನೆಯ ಏಟು ಎಂಬುದು ಅವರಿಗೆ ತಿಳಿಯಿತು.